ಖೊಟ್ಟಿ ಅಂತ ಅಳಿಸಿದ ಲಗ್ನಪತ್ರ

ಫೋನಿಗೆ ಬಂದ ಗಿಡ್ಡ ಲಿಂಕು ಒತ್ತಿ ಕೆಟ್ಟವರ ಕಥೆ ಎಲ್ಲ ಊರಲ್ಲೂ ಇವೆ. ಒತ್ತದೆ ಕೆಟ್ಟವನು ನಾನೊಬ್ಬನೇ ಇರಬೇಕು. ಆಳಂದದ ಬಸ್ ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನನ್ನದು. ಮೊದಲು ಕಂಪ್ಯೂಟರ್ ಕಲಿಸುತ್ತಿದ್ದೆ, ಹಾಗಾಗಿ ಎಲ್ಲರ ಬಾಯಲ್ಲೂ ಮಾಸ್ತರ. ಗಿಡ್ಡ ಲಿಂಕಿನ ಹಿಂದೆ ಯಾವ ವಿಳಾಸ ಅಡಗಿದೆ ಎಂದು ನೋಡಿ ಹೇಳುವುದು ನಾನೇ ಮೈಮೇಲೆ ಎಳೆದುಕೊಂಡ ಕೆಲಸ. ಅಲ್ಲಿಂದ ಇಂಥವು ನಡೆಯುತ್ತಲೇ ಇವೆ.

ಹಸಿರು ಬಟನ್

ನಿಂಬರ್ಗಾದ ರೈತರೊಬ್ಬರು ಫೋನನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. "ಮಾಸ್ತರ್ರ, ತೊಗರಿ ನೋಂದಣಿ ಅಂತ ಬಂದದ. ಖರೇನೋ ಖೊಟ್ಟಿನೋ ನೋಡ್ರಿ."

ನಾನು ನನ್ನ ಮಾಮೂಲಿ ಪಾಠ ಒಪ್ಪಿಸಿದೆ. "ಒತ್ತಬ್ಯಾಡ್ರಿ. ಲಿಂಕ್ ಕಾಪಿ ಮಾಡಿ, ಗಿಡ್ಡ ಲಿಂಕ್ ಬಿಚ್ಚಿ ತೋರಸೋ ಸೈಟಿನಾಗ ಹಾಕ್ರಿ. ಪೂರಾ ವಿಳಾಸ ಕಾಣ್ತದ. ಆದ್ರೂ ಅನುಮಾನ ಇದ್ರ, ಕಳಿಸಿದವರ ನಂಬರ್ ನಿಮ್ಮ ಹತ್ರ ಮೊದಲೇ ಇರ್ತದಲ್ರಿ, ಅದಕ್ಕ ಫೋನ್ ಹಚ್ಚಿ ಕೇಳ್ರಿ."

ಬಿಚ್ಚಿ ನೋಡಿದರೆ ಖೊಟ್ಟಿಯೇ. ಕೈ ಮುಗಿದು ಹೋದರು. ಹತ್ತು ದಿನಕ್ಕೆ ಅವರ ಮಗಳು ಅವರನ್ನೇ ಕರೆದುಕೊಂಡು ಜಗಳಕ್ಕೆ ಬಂದಳು. "ಅಪ್ಪಗ ಏನ್ ಹೇಳೀರಿ? ಎಷ್ಟ್ ಸಲ ಫೋನ್ ಹಚ್ಚಿದ್ರೂ ಎತ್ತವಲ್ಲ!"

ರೈತರು ಹಿಂದಿನಿಂದ ಹೆಮ್ಮೆಯಿಂದ ಹೇಳಿದರು: "ಮಾಸ್ತರ್ರು ಒತ್ತಬ್ಯಾಡ ಅಂದಾರ. ನಾ ಹಸಿರು ಬಟನ್ನೂ ಒತ್ತಿಲ್ಲ."

ಬೀಗ

ಜೇವರ್ಗಿಯ ಅಂಗನವಾಡಿ ಟೀಚರೊಬ್ಬರು ಅಕ್ಕನ ಮನೆಗೆ ಬಂದವರು ಅಂಗಡಿಗೂ ಬಂದರು. ಬಹುಮಾನದ ಲಿಂಕು. ಪುಟ ಆಗಲೇ ತೆರೆದಿತ್ತು. "ಮ್ಯಾಲ ಬೀಗದ ಚಿತ್ರ ಅದರಿ, ಅಂದ್ರ ಭದ್ರ ಅಲ್ಲೇನ್ರಿ?"

"ಅಕ್ಕಾವ್ರ, ಬೀಗ ಕಳ್ಳನ ಮನಿಗೂ ಇರ್ತದ" ಎಂದೆ.

ಅವರು ಪುಟ ಮುಚ್ಚಿದರು. ನನ್ನನ್ನು ನೋಡಿದರು, ಶಟರಿಗೆ ನೇತಾಡುತ್ತಿದ್ದ ಬೀಗವನ್ನೂ ನೋಡಿದರು. ಅರ್ಜಿ ತುಂಬಿಸಲು ತಂದಿದ್ದ ಕಾಗದಗಳನ್ನು ಮೆಲ್ಲಗೆ ಚೀಲಕ್ಕೆ ವಾಪಸ್ ಹಾಕಿಕೊಂಡು ಹೋದರು.

ಲಗ್ನಪತ್ರ

ಇಲ್ಲಿಯವರೆಗೆ ನಗು ಅವರ ಮೇಲೆ. ಇನ್ನು ನನ್ನ ಮೇಲೆ.

ಆಳಂದದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಗೆಳೆಯನೊಬ್ಬ ಈಗ ಅಫಜಲಪುರದಲ್ಲಿದ್ದಾನೆ. ಅವನ ಒಬ್ಬಳೇ ಮಗಳು ಮಾತು ಕಲಿತಾಗಿನಿಂದ ನನಗೆ "ಆಳಂದ ಕಾಕಾ" ಅನ್ನುತ್ತಾಳೆ. ಒಂದು ದಿನ ಅವನ ನಂಬರಿನಿಂದ ಬಂತು: "ಮಗಳ ಲಗ್ನಕ್ಕೆ ತಪ್ಪದೆ ಬರಬೇಕು." ಕೆಳಗೊಂದು ಗಿಡ್ಡ ಲಿಂಕು.

ಲಗ್ನಪತ್ರದ ವೇಷದಲ್ಲಿ ಮೋಸ ನಡೆಯುತ್ತಿದ್ದ ಕಾಲ. ಬಿಚ್ಚಿ ನೋಡಿದೆ, ಯಾವುದೋ ಕೇಳದ ಹೆಸರಿನ ಸೈಟು. ಇನ್ನು ಉಳಿದದ್ದು ಫೋನ್ ಹಚ್ಚಿ ಕೇಳುವುದು. ಊರಿಗೆಲ್ಲ ಹೇಳುವ ಆ ಪಾಠವನ್ನು ನಾನೇ ಪಾಲಿಸಲಿಲ್ಲ. ನಮ್ಮಲ್ಲಿ ಮೂಲೆಗೆ ಅರಿಶಿನ ಹಚ್ಚಿದ ಪತ್ರ ತಂದು, ಮನೆಯಲ್ಲಿ ಕೂತು, ಚಹಾ ಕುಡಿದು ಕರೆಯಬೇಕು. ಅವನು ಹಾಗೆ ಬಾರದೆ ಕರೆಯುವವನೇ ಅಲ್ಲ. ಖೊಟ್ಟಿ ಅಂದರೆ ಸಮಾಧಾನ, ಖರೆ ಅಂದರೆ ಅವಮಾನ. ನಾನು ಸಮಾಧಾನ ಆರಿಸಿಕೊಂಡೆ.

ಅಷ್ಟಕ್ಕೇ ಬಿಡಲಿಲ್ಲ. ಶಾಲೆಯ ಗೆಳೆಯರ ಗುಂಪಿನಿಂದ ಮೊದಲು ಅವನ ನಂಬರ್ ತೆಗೆದುಹಾಕಿ, ಆಮೇಲೆ ಉಳಿದವರಿಗೆ ಬರೆದೆ: "ದೋಸ್ತನ ಫೋನ್ ಹ್ಯಾಕ್ ಆಗ್ಯದ. ಯಾರೂ ಒತ್ತಬ್ಯಾಡ್ರಿ. ನಂಬರ್ ಬ್ಲಾಕ್ ಮಾಡ್ರಿ." ನಾನೂ ಆ ಲಗ್ನಪತ್ರ ಅಳಿಸಿ ಬ್ಲಾಕ್ ಮಾಡಿದೆ. "ಮಾಸ್ತರ ಇದ್ದದ್ದಕ್ಕ ಉಳದೇವು" ಎಂದು ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು.

ಎರಡು ವಾರದ ಮೇಲೆ, ಯಡ್ರಾಮಿಯಲ್ಲಿರುವ ಇನ್ನೊಬ್ಬ ಸಹಪಾಠಿ ಫೋನ್ ಹಚ್ಚಿದ. ಅವನದು ಇನ್ನೂ ಬಟನ್ ಫೋನು. ಗುಂಪೂ ಇಲ್ಲ, ಲಿಂಕೂ ಇಲ್ಲ. ಗೆಳೆಯ ಅವನಿಗೆ ಫೋನ್ ಹಚ್ಚಿ ಬಾಯಿಮಾತಲ್ಲೇ ಕರೆದಿದ್ದನಂತೆ.

"ಲೇ ಮಾಸ್ತರ, ಲಗ್ನಕ್ಕ ಯಾಕ ಬರ್ಲಿಲ್ಲೋ? ಹುಗ್ಗಿ ಭಾಳ ಛಲೋ ಆಗಿತ್ತು. ಆಳಂದದವರ ಪಂಕ್ತಿ ಪೂರಾ ಖಾಲಿ. ಪಾಪ, ಅವ ಕಾಲು ಮುರ್ಕೊಂಡು ಕುರ್ಚಿ ಮ್ಯಾಲ ಕುಂತಾನ. ಊರೂರು ಅಡ್ಡಾಡಾಕ ಆಗಲ್ಲಂತ ಮಗಳೇ ಫೋನಿನಾಗ ಪತ್ರ ಮಾಡಿ ಕಳಿಸ್ಯಾಳಂತ. 'ಕಾಕಾ ಬರ್ಲಿ ತಡೀರಿ' ಅಂತ ಅಕ್ಕಿಕಾಳ ಹೊತ್ತು ಸಹಿತ ಮುಂದ ಹಾಕ್ಸಿದ್ಳು."

ನಾನು ಅಂಗಡಿಯ ಮಂದಿಗೆ ಬೆನ್ನು ತಿರುಗಿಸಿ ಫೋನನ್ನು ಕಿವಿಗೆ ಒತ್ತಿಕೊಂಡೆ.

"ಅಲ್ಲಲೇ, ಲಗ್ನದಾಗ ಒಬ್ರ ಫೋನಿನಾಗ ಪತ್ರ ನೋಡ್ದೆ, ಕರಿಯೋರ ಸಾಲಿನಾಗ ನಿನ್ನ ಹೆಸರೂ ಹಾಕ್ಯಾರ. ನೀ ಓದಿಲ್ಲೇನು?"

ಒತ್ತಿದ್ದರೆ ನನ್ನ ಹೆಸರೇ ಕಾಣುತ್ತಿತ್ತು. ನಾನೇ ಕರೆಯುವ ಲಗ್ನಕ್ಕೆ ಹೋಗಬೇಡಿರೆಂದು ನಾನೇ ಊರಿಗೆ ಹೇಳಿದ್ದೆ.

ಖಾತ್ರಿ

ಬ್ಲಾಕ್ ತೆಗೆದೆ. ಫೋನ್ ಹಚ್ಚಲು ಮುಖವಿರಲಿಲ್ಲ. ಇವತ್ತು ಹಚ್ಚೋಣ, ನಾಳೆ ಹಚ್ಚೋಣ ಎನ್ನುತ್ತ ವರ್ಷವಾಯಿತು. ಆ ಅಕ್ಕಿಕಾಳಿನ ಅಕ್ಷತೆ ಅವಳ ತಲೆಗೆ ನನ್ನ ಕೈಯಿಂದ ಬೀಳಲೇ ಇಲ್ಲ, ಇನ್ನೆಂದೂ ಬೀಳುವುದೂ ಇಲ್ಲ. ಈಗಲೂ ನೆನಪಾದರೆ ಊಟ ಸೇರುವುದಿಲ್ಲ.

ಮೊನ್ನೆ ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ಅವನೇ ನಿಂತಿದ್ದ, ಕೈಯಲ್ಲಿ ಕೋಲು. ನಾನು ಎದ್ದು ನಿಂತೆ. "ತಪ್ಪಾತಲೇ" ಎಂದೆ.

ಅವನು ಕೋಲನ್ನು ಬಾಗಿಲಿಗೆ ಒರಗಿಸಿದ. "ಮಗಳು ಬಸರಿ ಇದ್ದಾಳ. ಇವತ್ತ ಸಂಜಿಗೆ ಕುಬಸ. ಕರಿಯಾಕ ಬಂದೇನಿ" ಎಂದ.

"ನಡಿ" ಎಂದು ಚಪ್ಪಲಿ ಹುಡುಕಿದೆ.

"ನಿಂದ್ರು. ಹಂಗೆಲ್ಲ ನಂಬಬಾರ್ದು. ಮೊದಲೇ ಇದ್ದ ನಂಬರಿಗೆ ಫೋನ್ ಹಚ್ಚಿ ಕೇಳು."

ನಗುತ್ತಾನೆಂದು ಮುಖ ನೋಡಿದೆ. ನಗಲಿಲ್ಲ. ಹಚ್ಚಿದೆ. ನನ್ನೆದುರೇ ಅವನ ಕಿಸೆಯಲ್ಲಿ ಫೋನು ರಿಂಗಾಯಿತು. ಅವಸರವಿಲ್ಲದೆ ತೆಗೆದು ಕಿವಿಗಿಟ್ಟುಕೊಂಡ.

"ಹಲೋ, ಯಾರ್ರಿ?"

"ನಾನಲೇ, ಆಳಂದದಾಂವ" ಎಂದೆ. "ಕುಬಸ ಖರೇನಾ?"

"ಖರೇ ಅದ" ಎಂದ ನನ್ನ ಕಣ್ಣನ್ನೇ ನೋಡುತ್ತ. "ವರ್ಷದಿಂದ ಈ ಫೋನಿನ ಹಾದಿ ಕಾಯಾಕತ್ತಿದ್ದೆ. ಈಗ ಇಡು, ನಡಿ. 'ಕಾಕಾಗ ಬರೇ ಕರದು ಬರಬ್ಯಾಡ, ಕೈ ಹಿಡದು ಕರ್ಕೊಂಡು ಬಾ' ಅಂತ ಮಗಳು ಗಾಡಿ ಕಳಿಸ್ಯಾಳ. ಹೊರಗ ನಿಂತದ. ಅದನ್ನೂ ಬಿಚ್ಚಿ ನೋಡ್ತಿ ಏನು?"