ಟಾಮಿಯ ಅಂಗಪ್ರದಕ್ಷಿಣೆ

ತಿರುಪ್ಪೂರಿನ ಪಕ್ಕದ ಅವಿನಾಶಿಯಲ್ಲಿ ನಾನು ಪಶುವೈದ್ಯೆ. ಬೆಳಿಗ್ಗೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದರೆ, ಮೊದಲ ರೋಗಿಯ ಬಾಲ ಎತ್ತಿಯೇ ದಿನ ಶುರು. ಎಲ್ಲರಿಗೂ ಒಂದೊಂದು ಸೇವೆ ಹಂಚಿದ ಈಶ್ವರ ನನಗೆ ಈ ತುದಿಯದನ್ನು ಕೊಟ್ಟ. ನಗುವುದಕ್ಕೂ ಅಲ್ಲೇ ದಾರಿ ಮಾಡಿಟ್ಟಿದ್ದಾನೆ.

೧. ಭಕ್ತ

ತಿರುಪ್ಪೂರಿನ ಬನಿಯನ್ ವ್ಯಾಪಾರದ ಮನೆಯೊಂದು. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ಅಲ್ಲಿಯ ಅಜ್ಜಿ, ಮಗ ಇಬ್ಬರೂ ತಮ್ಮ ಬಿಳಿ ಪೊಮೇರಿಯನ್ ಟಾಮಿಯನ್ನು ಎತ್ತಿಕೊಂಡು ಬಂದರು.

"ಡಾಕ್ಟರ್ ಅಮ್ಮಣಿ, ಇದಕ್ಕೆ ಭಕ್ತಿ ಜಾಸ್ತಿ," ಎಂದರು ಅಜ್ಜಿ. "ನಾನು ಪೂಜೆಗೆ ಕೂತರೆ ಸಾಕು, ದೇವರ ಕೋಣೆ ಮುಂದೆ ಕುಂಡಿ ಊರಿ ಎಳಕೊಂಡು ಸುತ್ತು ಬರ್ತದೆ. ಉರುಳುಸೇವೆ ಥರ ಅಂಗಪ್ರದಕ್ಷಿಣೆ!"

"ಭಕ್ತಿಯೂ ಇಲ್ಲ, ಏನೂ ಇಲ್ಲ. ನಾತ!" ಎಂದ ಮಗ. "ಸೋಫಾ ತುಂಬ ಕೊಳೆತ ಮೀನಿನ ವಾಸನೆ. ವ್ಯಾಪಾರಕ್ಕೆ ಬಂದ ಪಾರ್ಟಿಯವರು ಕಾಫಿ ಕುಡಿಯದೆ ಎದ್ದು ಹೋಗ್ತಾರೆ. ಇದು ವಾಸಿಯಾಗದಿದ್ರೆ ತೋಟಕ್ಕೆ ಕಳಿಸಿಬಿಡ್ತೀನಿ."

ಅಜ್ಜಿಯ ಮಗ್ಗುಲು ಬಿಟ್ಟು ಮಲಗಿ ಗೊತ್ತಿಲ್ಲದ ನಾಯಿ ಅದು. ಅಜ್ಜಿ ಅದನ್ನು ಸೆರಗಿನೊಳಗೆ ಎಳೆದುಕೊಂಡರು.

ನಾನು ಬಾಲ ಎತ್ತಿ ತೋರಿಸಿದೆ. ಗುದದ ಎರಡೂ ಪಕ್ಕ ಪುಟ್ಟ ಚೀಲಗಳಿರುತ್ತವೆ. ಮಲ ಗಟ್ಟಿಯಾಗಿ ಹೋದರೆ ಆ ಒತ್ತಡಕ್ಕೆ ಚೀಲದ ರಸವೂ ಹೊರಬರುತ್ತದೆ. ಮೆತ್ತಗಾದರೆ ರಸ ಒಳಗೇ ನಿಂತು ಮಂದವಾಗುತ್ತದೆ. ತುರಿಕೆಗೆ ನಾಯಿ ನೆಲಕ್ಕೆ ಉಜ್ಜುತ್ತದೆ. ಹಾಗೇ ಬಿಟ್ಟರೆ ಕೀವಾಗಿ ಒಡೆಯಲೂಬಹುದು.

ಅಜ್ಜಿ ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯೋ ಶಿವನೇ! ಶುಕ್ರವಾರ ಶುಕ್ರವಾರ ನಾನು ಅದಕ್ಕೆ ಆರತಿ ಎತ್ತಿದ್ದೆನಲ್ಲ!"

೨. ಪ್ರಸಾದ

ಆವತ್ತು ಚೀಲ ಹಿಂಡಿ ಖಾಲಿ ಮಾಡಿ, ಊಟ ಏನು ಹಾಕುತ್ತೀರಿ ಎಂದು ಕೇಳಿದೆ.

"ಕಂಡದ್ದೆಲ್ಲ ಹಾಕಲ್ಲ ಅಮ್ಮಣಿ. ಪ್ರಸಾದ ಮಾತ್ರ. ತುಪ್ಪದ ಪೊಂಗಲ್, ಪಂಚಾಮೃತ."

ಪ್ರಸಾದ ಬೇಡ ಎನ್ನಲು ನನಗೂ ನಾಲಿಗೆ ಏಳಲಿಲ್ಲ. "ಚಿಟಿಕೆ ಸಾಕು ಅಜ್ಜಿ, ತುಪ್ಪ ಜಾಸ್ತಿಯಾದ್ರೆ ಮಲ ಮೆತ್ತಗಾಗ್ತದೆ. ಸಿಹಿಗುಂಬಳ ಬೇಯಿಸಿ ಅದರ ಊಟಕ್ಕೆ ಕಲಸಿ. ನಾರಿದ್ದರೆ ಮಲ ಗಟ್ಟಿಯಾಗ್ತದೆ," ಎಂದೆ.

ಕೆಲವು ದಿನ ಬಿಟ್ಟು ಮಗನ ಫೋನು. "ಕುಂಬಳಕಾಯಿ ತಂದುಕೊಟ್ಟೆ ಡಾಕ್ಟರೇ. ಅಮ್ಮ ಅದರಲ್ಲಿ ಟಾಮಿಗೆ ದೃಷ್ಟಿ ತೆಗೆದು, ಮೂರು ದಾರಿ ಕೂಡೋ ಕಡೆ ಒಡೆದುಬಿಟ್ಟರು!"

ಹಿಂದಿನಿಂದ ಅಜ್ಜಿ, "ವೇಸ್ಟ್ ಏನಾಗಿಲ್ಲ ಅಂತ ಹೇಳೋ! ಬೀದಿ ನಾಯಿಗಳು ಚೊಕ್ಕವಾಗಿ ತಿಂದವು."

"ಟಾಮಿ?" ಎಂದೆ.

"ಅದು ಒಳಗೆ ಪೊಂಗಲ್ ತಿಂತಾ ಇತ್ತು."

೩. ತೋಟಕ್ಕೆ

ಚೀಲ ಮತ್ತೆ ತುಂಬಿತು. ಈ ಸಲ ಕಾರಿನಲ್ಲಿ ಟಾಮಿಯ ತಟ್ಟೆ, ಸರಪಳಿ, ಹಾಸಿಗೆಯೂ ಬಂದಿದ್ದವು.

"ಇಲ್ಲಿಂದ ನೇರ ತೋಟಕ್ಕೆ," ಎಂದ ಮಗ. "ನಾತ ಬರೋರಿಗೆ ನಮ್ಮ ಮನೇಲಿ ಜಾಗ ಇಲ್ಲ."

ಅಜ್ಜಿಯ ಕಣ್ಣು ತುಂಬಿತ್ತು. "ಇನ್ನು ಕುಂಬಳ ಅದರ ಹೊಟ್ಟೆಗೇ ಹಾಕ್ತೀನಿ ಕಣೋ, ಅವಿನಾಶಿಯಪ್ಪನ ಆಣೆ!" ಮಗ ಕರಗಲಿಲ್ಲ.

ನಾನೂ ನಮ್ಮೂರ ಶಿವ ಅವಿನಾಶಿಯಪ್ಪನನ್ನು ನೆನೆದು ಗ್ಲೌಸ್ ಹಾಕಿದೆ. ಅಜ್ಜಿ ಟಾಮಿಯ ತಲೆ ಹಿಡಿದರು, ಮಗ ಬಾಲ ಹಿಡಿದ.

"ಮುಖ ದೂರ ಇಡಿ," ಎಂದೆ.

"ಪೂರ್ತಿ ಬರ್ತದಾ ಅಂತ ನಾನೇ ನೋಡಬೇಕು," ಎಂದು ಅವನು ಬಗ್ಗಿದ.

ಪೂರ್ತಿ ಬಂತು. ಮೀಸೆಯಿಂದ ಹಿಡಿದು ಬಿಳಿ ಶರ್ಟಿನ ಜೇಬಿನ ತನಕ.

ನನ್ನ ಸೋಪು ಮುಗಿಯಿತು, ವಾಸನೆ ಮುಗಿಯಲಿಲ್ಲ. ಟಾಮಿ ಮಾತ್ರ ಹಗುರಾಗಿ ಬಾಲ ಆಡಿಸುತ್ತ ಕಾರು ಹತ್ತಿತು. ಅಜ್ಜಿ ಅದನ್ನು ಮಡಿಲಲ್ಲಿ ಕೂರಿಸಿಕೊಂಡು, ಮೂಗಿಗೆ ಸೆರಗು ಹಿಡಿದು ಮಗನಿಗೆ ಹೇಳಿದರು:

"ನಮ್ಮಿಬ್ಬರನ್ನೂ ಮನೆ ಹತ್ರ ಇಳಿಸಿ ನೀನು ತೋಟಕ್ಕೆ ಹೊರಡಪ್ಪಾ. ತಟ್ಟೆ, ಹಾಸಿಗೆ ಕಾರಲ್ಲೇ ಇದೆ."