ಮಳೆಗಂಡಸಿನ ಹೂಯಾತ್ರೆ

ಶಿಗೆನೋರಿಗೆ ಈ ಭೂಮಿಯ ಮೇಲೆ ಯಾರ ಮೇಲೂ ದ್ವೇಷವಿರಲಿಲ್ಲ, ಹೆಂಡತಿಯ ಅಕ್ಕ ತೊಮೊಯೆಯೊಬ್ಬಳನ್ನು ಬಿಟ್ಟು. ಅವನಿಗೆ ‘ಮಳೆಗಂಡಸು’ ಎಂಬ ಬಿರುದನ್ನು ದಯಪಾಲಿಸಿದವಳು ಅವಳೇ. ಹೋದಲ್ಲೆಲ್ಲ ಮಳೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವವನಿಗೆ ಆ ಹೆಸರು. ಒಮ್ಮೆ ಅಂಟಿಕೊಂಡರೆ ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ (ಮಳೆಯಲ್ಲಿ ನೆನೆದರಂತೂ ಇನ್ನಷ್ಟು ಗಟ್ಟಿಯಾಗುತ್ತದೆ).

ಬಿರುದಿಗೆ ಆಧಾರವಿರಲಿಲ್ಲ ಎನ್ನುವಂತಿಲ್ಲ. ಅವನ ಮದುವೆಯ ದಿನ ಎಂಥ ಮಳೆಯೆಂದರೆ, ಫೋಟೋದಲ್ಲಿ ಮದುಮಗಳಿಗಿಂತ ಕೊಡೆಗಳೇ ಎದ್ದು ಕಾಣುತ್ತವೆ. ಮಗಳ ಶಾಲೆಯ ಆಟೋಟದ ದಿನವೂ ಅಷ್ಟೆ. ಕೆಲಸವಿದೆಯೆಂದು ಅವನು ಅರ್ಧಕ್ಕೆ ಎದ್ದು ಹೋದ ಕೂಡಲೇ ಬಿಸಿಲು ಬಂದಿತ್ತು. ಒಂದು ಬೇಸಿಗೆಯಲ್ಲಿ ತೊಮೊಯೆಯ ಗಂಡ ‘ಸುಮ್ಮನೆ ಒಂದು ಸಲ ಬಂದು ಹೋಗಿ’ ಎಂದು ಬಹಳ ಪ್ರೀತಿಯಿಂದ ಕರೆಸಿಕೊಂಡ. ಹೋದ ಮೇಲೆ ಗೊತ್ತಾಯಿತು, ಅವನ ಸೌತೆಬಳ್ಳಿ ಬಾಡುತ್ತಿತ್ತು. ಮಳೆ ಸುರಿದ ಮೇಲೆ ಒಂದು ಚೀಲ ಸೌತೆಕಾಯಿ ಕೊಟ್ಟು ಕಳಿಸಿದ್ದ. ಜೀವಮಾನವೆಲ್ಲ ಹೆಂಚಿನ ಕಾರ್ಖಾನೆಯಲ್ಲಿ ದುಡಿದು, ಊರ ಜನರ ತಲೆಯನ್ನು ಮಳೆಯಿಂದ ಕಾಪಾಡಿದವನಿಗೆ ಕೊನೆಗೆ ಬಂದ ಅಪವಾದ ಇದು!

ಏಪ್ರಿಲಿನಲ್ಲಿ ತೊಮೊಯೆಯ ಫೋನು ಬಂತು. ಅವಳಿರುವುದು ಬೆಟ್ಟಗಳಾಚೆಯ ಇನಾದಲ್ಲಿ. ಅಲ್ಲಿಗೆ ಹತ್ತಿರದ ತಕಾತೊ ಕೋಟೆಯ ಸಕುರಾ ಹೂವೆಂದರೆ ಲೋಕಪ್ರಸಿದ್ಧ, ಮತ್ತು ಶಿಗೆನೋರಿಯ ಹೆಂಡತಿ ಫುಸಾಯೆ ತವರಿನ ಆ ಹೂವನ್ನು ತುಂಬು ಅರಳಿದಾಗ ನೋಡಿ ಯುಗವೇ ಆಗಿತ್ತು. ಪ್ರತಿ ವರ್ಷ ಗಂಡನೊಂದಿಗೆ ಹೋಗುವುದು, ಮಳೆ ಬರುವುದು, ನೆಲಕ್ಕೆ ಅಂಟಿದ ಎಸಳುಗಳ ಮೇಲೆ ಜಾರದಂತೆ ನಡೆದು ವಾಪಸಾಗುವುದು, ಇಷ್ಟೇ ಅವಳ ಪಾಲಿನ ವಸಂತ.

“ಫುಸಾಯೆ, ಭಾನುವಾರ ಹೂವು ಪೂರ್ತಿ ಅರಳತ್ತೆ. ಕೇರಿಯವರೆಲ್ಲ ಸೇರ್ತಿದೀವಿ, ಬಾ. ನಿಮ್ಮನೆಯವರನ್ನ ಮಾತ್ರ ಅಲ್ಲೇ ಬಿಟ್ಟು ಬಾ.”

“ಅಕ್ಕಾ, ಪಾಪ ಕಣೇ...”

“ಅವರು ಪಾಪ, ಹೂವು ಪಾಪ ಅಲ್ವಾ? ವರ್ಷವಿಡೀ ಕಾದು ನಾಲ್ಕು ದಿನ ಇರತ್ತೆ ಅದು. ಇವರು ಬಂದ್ರೆ ನಾಲ್ಕು ಗಂಟೆನೂ ಇರಲ್ಲ!”

ಪಕ್ಕದಲ್ಲೇ ಪೇಪರ್ ಓದುತ್ತಿದ್ದವನ ಕಿವಿ ಕೆಂಪಾಯಿತು. ಫೋನು ಕಸಿದುಕೊಂಡ.

“ಅತ್ತಿಗೆ, ನಾನೂ ಬರ್ತೀನಿ. ಭಾನುವಾರ ಒಂದು ಹನಿ ಬಿದ್ರೂ ಈ ಜನ್ಮದಲ್ಲಿ ಹೂವು ನೋಡೋಕೆ ಹೊರಗೆ ಕಾಲಿಡಲ್ಲ. ಬೀಳಲಿಲ್ವೋ, ನೀವು ಕೇರಿಯವರೆಲ್ಲರ ಎದುರು ನನ್ನ ಕ್ಷಮೆ ಕೇಳಬೇಕು!”

“ಕೇಳ್ತೀನಿ. ಕೊಡೆ ಹಿಡ್ಕೊಂಡು ಕಾಯ್ತಿರ್ತೀನಿ, ಬನ್ನಿ.”

ಆಡಿದ ಮಾತು, ಒಡೆದ ಮುತ್ತು. ಫುಸಾಯೆ ಅಂದಿನಿಂದಲೇ ಬಿಳಿ ಬಟ್ಟೆಯ ಬೋಳುತಲೆಯ ಗೊಂಬೆಗಳನ್ನು ಮಾಡಿ, ಬಿಸಿಲು ಬರಲೆಂದು ಕಿಟಕಿಗೆ ಕಟ್ಟತೊಡಗಿದಳು. ಅವುಗಳ ಸಾಲಿನಲ್ಲಿ ಇಣುಕಿ ಆಕಾಶ ನೋಡುತ್ತಿದ್ದ ಶಿಗೆನೋರಿಯ ತಲೆಯನ್ನೂ ಹಾದಿಹೋಕರು ಗೊಂಬೆಯೆಂದೇ ಎಣಿಸಿರಬೇಕು.

ಭಾನುವಾರ ಬೆಳಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಫುಸಾಯೆ ಅಡುಗೆಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದಾಗ ಶಿಗೆನೋರಿಯ ತಲೆಯಲ್ಲಿ ಒಂದು ದಿವ್ಯ ಯೋಚನೆ ಮಿಂಚಿತು. ತನ್ನ ಮೇಲೆ ತನಗೇ ನಂಬಿಕೆಯಿಲ್ಲದಿದ್ದರೆ ಆಕಾಶಕ್ಕೆಲ್ಲಿಂದ ಬರಬೇಕು? ಮಳೆಗಂಡಸಾದವನು ಹಾಸಿಗೆಯನ್ನು ಹೊರಗೆ ಒಣಹಾಕಿ ಊರು ಬಿಡುತ್ತಾನೆಯೇ? ಹಾಗಾದರೆ ನೋಡಿಯೇ ಬಿಡೋಣವೆಂದು ತನ್ನ ಹಾಸಿಗೆ, ಹೆಂಡತಿಯ ಹಾಸಿಗೆ, ನೆಂಟರಿಗೆಂದು ಇಟ್ಟಿದ್ದ ಹಾಸಿಗೆ, ಹೊದಿಕೆ, ದಿಂಬು ಎಲ್ಲವನ್ನೂ ಸದ್ದಿಲ್ಲದೆ ಹೊತ್ತು ಬಾಲ್ಕನಿಯ ಕಂಬಿಯ ಮೇಲೆ ಹರಡಿ ಕ್ಲಿಪ್ಪು ಹಾಕಿದ. ಹೆಂಡತಿಗೆ ಹೇಳಲಿಲ್ಲ. ಸಂಜೆ ಬಂದು ಬಿಸಿಲು ಕುಡಿದ ಹಾಸಿಗೆಯ ಮೇಲೆ ಅವಳನ್ನು ಮಲಗಿಸಿ ಆಶ್ಚರ್ಯಪಡಿಸುವ ಆಸೆ.

ತಮ್ಮೂರು ನಗೊಯಾದಿಂದ ಬಸ್ಸು ಹೊರಟಾಗ ಬಿಸಿಲು. ಬೆಟ್ಟ ಹತ್ತಿರವಾಗುತ್ತಿದ್ದಂತೆ ಹಿಂದಿನಿಂದ ಮೋಡಗಳು ಒಂದೊಂದಾಗಿ ಬಸ್ಸನ್ನು ಅಟ್ಟಿಸಿಕೊಂಡು ಬಂದವು. ಎನಾ ಬೆಟ್ಟದ ಸುರಂಗದ ಬಾಯಿಗೆ ಬರುವಾಗ ಗಾಜಿನ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು.

“ರೀ,” ಎಂದಳು ಫುಸಾಯೆ.

“ಅದು ಹಕ್ಕಿದು.”

“ಇನ್ನೊಂದು ಬಿತ್ತು.”

“ಅದರ ಹೆಂಡ್ತಿದು!”

ಬಸ್ಸು ಸುರಂಗದೊಳಕ್ಕೆ ನುಗ್ಗಿತು. ಮುಗಿಯದ ಕತ್ತಲಲ್ಲಿ ಶಿಗೆನೋರಿ ತನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಕರೆದ, ಗೊತ್ತಿಲ್ಲದವರಿಗೂ ಒಂದು ನಮಸ್ಕಾರ ಹಾಕಿದ. ಕಣ್ಣು ಬಿಟ್ಟರೆ ಬೆಟ್ಟದಾಚೆ ಬಿಸಿಲು! ಹಿಮ ಹೊದ್ದ ಶಿಖರಗಳು ಹೊಳೆಯುತ್ತಿದ್ದವು, ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಚಪ್ಪಾಳೆ ತಟ್ಟಿದ. ಬೆಟ್ಟದ ಈಚೆಗೆ ಉಳಿದ ಮೋಡಗಳು ಏನು ಮಾಡುತ್ತಿರಬಹುದೆಂಬ ವಿಚಾರ ಅವನಿಗೆ ಹೊಳೆಯಲೇ ಇಲ್ಲ.

ಕೋಟೆಯಲ್ಲಿ ತೊಮೊಯೆಯ ಕೇರಿಯವರು ಮರದಡಿಯ ನೀಲಿ ಹಾಸಿನ ಮೇಲೆ ಮಳೆಯಂಗಿ ತೊಟ್ಟು ಕುಳಿತಿದ್ದರು. ಹಾಸಿನ ಅಂಚಿಗೆ ಬಿಟ್ಟ ಚಪ್ಪಲಿಗಳಿಗೂ, ಬುತ್ತಿಗಳಿಗೂ ಪ್ಲಾಸ್ಟಿಕ್ ಹೊದಿಸಿತ್ತು. ಯಾರು ಬರುತ್ತಿದ್ದಾರೆಂಬುದು ಎಲ್ಲರಿಗೂ ತಿಳಿದಿತ್ತು. ಗಂಟೆ ಕಳೆಯಿತು, ಬಿಸಿಲು ಏರಿತು. ಮಳೆಯಂಗಿಯೊಳಗೆ ಬೆಂದು ಬೆವರಿದ ಜನ ಒಬ್ಬೊಬ್ಬರಾಗಿ ಅದನ್ನು ಕಳಚಿದರು. ಕೊನೆಗೆ ತೊಮೊಯೆಯೂ ಕಳಚಿದಳು.

ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಮಂಡಿಯೂರಿ, ನೆಲಕ್ಕೆ ಹಣೆ ತಾಗುವಷ್ಟು ಬಾಗಿದಳು.

“ಶಿಗೆನೋರಿಯವರೇ, ಇಷ್ಟು ವರ್ಷ ಸುಮ್ಮಸುಮ್ಮನೆ ನಿಮ್ಮ ಹೆಸರು ಕೆಡಿಸಿದೆ. ತಪ್ಪಾಯ್ತು.”

ಕೇರಿಗೆ ಕೇರಿಯೇ ಚಪ್ಪಾಳೆ ತಟ್ಟಿತು. ಶಿಗೆನೋರಿ ಎದ್ದು, ಅಕ್ಕಿಯ ಮದ್ಯ ಸಾಕೆ ತುಂಬಿದ ಬಟ್ಟಲು ಹಿಡಿದು, ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಗತ್ತಿನಲ್ಲಿ ಭಾಷಣ ಬಿಗಿದ. “ಮಹಾಜನರೇ! ಮಳೆಗೂ ಮನುಷ್ಯನಿಗೂ ಯಾವ ಸಂಬಂಧವೂ ಇಲ್ಲ. ಇದೆಲ್ಲ ಮೂಢನಂಬಿಕೆ! ವಿಜ್ಞಾನ ಏನು ಹೇಳತ್ತೆ ಅಂದ್ರೆ...” ವಿಜ್ಞಾನ ಏನು ಹೇಳುತ್ತದೆಂಬುದು ನೆನಪಾಗದೆ ಬಟ್ಟಲು ಬರಿದು ಮಾಡಿ ಕುಳಿತ.

ತಲೆಯೆತ್ತಿದರೆ ಕೊಂಬೆ ಕಾಣದಷ್ಟು ಗುಲಾಬಿ ಹೂವು. ಫುಸಾಯೆ ಅವನ ತೋಳಿಗೆ ಒರಗಿ ಮೆಲ್ಲನೆ ಹೇಳಿದಳು: “ರೀ, ನಿಮ್ಮ ಜೊತೆ ಒಣಬಟ್ಟೇಲಿ ಕೂತು ಹೂವು ನೋಡ್ತಿರೋದು ಇದೇ ಮೊದಲು.” ಅವನ ಕಣ್ಣು ತುಂಬಿ ಬಂತು. ಇಷ್ಟು ಸುಖ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಆಗ ಫುಸಾಯೆಯ ಫೋನು ಬಡಿದುಕೊಂಡಿತು. ಪಕ್ಕದ ಮನೆಯ ಇಟಾಕುರಾ ಅವರು. ಅವರದು ಫೋನಿಲ್ಲದಿದ್ದರೂ ಇನಾಕ್ಕೆ ಕೇಳಿಸುವಂಥ ಗಂಟಲು.

“ಫುಸಾಯೆಯವರೇ! ಎಲ್ಲಿದೀರಾ? ಇಲ್ಲಿ ಆಕಾಶ ತೂತಾದ ಹಾಗೆ ಸುರೀತಿದೆ! ನಿಮ್ಮನೆ ಹಾಸಿಗೆ ಎಲ್ಲಾ ಕಂಬಿ ಮೇಲಿದೆ! ಬಾಗಿಲು ತಟ್ಟಿ ತಟ್ಟಿ ಕೈ ನೋವು ಬಂತು!”

“ನಮ್ಮನೆ ಹಾಸಿಗೇನಾ? ನಾನು ಹಾಕೇ ಇಲ್ವಲ್ಲ...” ಎನ್ನುತ್ತ ಫುಸಾಯೆ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಅವನು ಅತ್ಯಂತ ಆಸಕ್ತಿಯಿಂದ ಒಂದು ಎಸಳನ್ನು ಪರೀಕ್ಷಿಸುತ್ತಿದ್ದ.

“ಎಷ್ಟು ಹಾಸಿಗೆ ಹಾಕಿದ್ರಿ?”

“ಎಷ್ಟೂಂದ್ರೆ... ಇದ್ದಷ್ಟು.”

ಅದನ್ನು ಕೇಳಿ ತೊಮೊಯೆ ನಗತೊಡಗಿದಳು. ನಕ್ಕು ನಕ್ಕು ನೀಲಿ ಹಾಸಿನ ಮೇಲೆ ಉರುಳಿಯೇ ಬಿಟ್ಟಳು. “ಮಳೆ ಇವರನ್ನ ಹುಡುಕ್ಕೊಂಡು ಮನೆಗೇ ಹೋಗಿದೆ ಕಣೇ! ಯಜಮಾನರು ಇಲ್ಲ ಅಂತ ಗೊತ್ತಾಗಿ, ಬರೋವರ್ಗೂ ಅವರ ಹಾಸಿಗೇಲೇ ಮಲಗಿದೆ! ನನ್ನ ಕ್ಷಮೆ ವಾಪಸ್ ಕೊಡಿ!”

“ಕೊಡಲ್ಲ! ಇಲ್ಲಿ ಹನಿ ಬಿತ್ತಾ? ಮಾತು ಇದ್ದಿದ್ದು ಇಲ್ಲೀದು!” ಎಂದು ಶಿಗೆನೋರಿ ಕೂಗಿದ. ವಾದದಲ್ಲಿ ಹುರುಳಿತ್ತು, ಕೇಳುವ ಕಿವಿಗಳಿರಲಿಲ್ಲ.

ಮಲಗಲು ಹಾಸಿಗೆಯಿಲ್ಲದ ಮನೆಗೆ ಹೋಗಿ ಮಾಡುವುದೇನೆಂದು ಫುಸಾಯೆ ಅಕ್ಕನ ಮನೆಯಲ್ಲೇ ಉಳಿಯಲು ತೀರ್ಮಾನಿಸಿದಳು. ಹೀಗಾಗಿ ಮರುದಿನವೂ ಹೂವು ನೋಡಿದಳು, ಅದೂ ಚಿನ್ನದಂಥ ಬಿಸಿಲಿನಲ್ಲಿ. ತಪ್ಪು ಗಂಡನದಾದ್ದರಿಂದ ಆನಂದ ಇಮ್ಮಡಿಯಾಗಿತ್ತು.

ಮುಂದಿನ ಏಪ್ರಿಲಿನಲ್ಲಿ ಮತ್ತೆ ಫೋನು. ಈ ಸಲ ತೊಮೊಯೆ ನೇರ ಅವನನ್ನೇ ಕೇಳಿದಳು. “ಶಿಗೆನೋರಿಯವರೇ, ನೀವು ಬರಲೇಬೇಕು. ಕೇರಿಯವರೆಲ್ಲ ನಿಮ್ಮನ್ನೇ ಕಾಯ್ತಿದಾರೆ!”

ಶಿಗೆನೋರಿಯ ಎದೆ ಉಬ್ಬಿತು. “ಹಾಗಾದ್ರೆ ಕೊನೆಗೂ ಒಪ್ಪಿಕೊಂಡ್ರಿ ಅನ್ನಿ.”

“ಒಪ್ಪಿಕೊಂಡ್ವಿ. ಆದ್ರೆ ಬರೋ ಮುಂಚೆ ಹಾಸಿಗೆ ಹೊರಗೆ ಹಾಕೋದು ಮರೀಬೇಡಿ.”

ಅಷ್ಟರಲ್ಲಿ ಬಾಲ್ಕನಿಯಿಂದ ಕ್ಲಿಪ್ಪುಗಳ ಸದ್ದು ಬಂತು. ಹೋಗಿ ನೋಡಿದರೆ ಫುಸಾಯೆ ಆಗಲೇ ಕಂಬಿ ಒರೆಸಿ ಒಂದು ಹಾಸಿಗೆ ಹರಡಿ ಅಳತೆ ನೋಡುತ್ತಿದ್ದಳು.

“ಎಲ್ಲಾ ಬೇಡ ರೀ,” ಎಂದಳು ಅವಳು, “ಈ ಸಲ ನಿಮ್ಮದೊಂದೇ ಸಾಕು.”