ಕಾಶವ್ವನವರನ್ನು ಬೀಳ್ಕೊಡಲು ತಗಲುವ ಹೊಗೆ

ದಿನಾಂಕ: 19-09-2025, ಶುಕ್ರವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ
ಸಂಖ್ಯೆ: ಬಂಪ್ರಹೊ/ಹೌನ್ಸ್ಲೋ/17/2025-26

ವಿಷಯ: ಊರಿನಿಂದ ಪ್ರವಾಸ ಬಂದ ಬಂಧುಗಳನ್ನು ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ಹೊರಬೀಳುವ ಇಂಗಾಲವನ್ನು ಅಳೆದು ತಗ್ಗಿಸುವ ಕುರಿತು.

ಉಲ್ಲೇಖ: (1) ದಿ. 13-07-2025ರ ಸ್ವಾಗತ. (2) ಶ್ರೀಮತಿ ಕಾಶವ್ವನವರ ಆಕ್ಷೇಪಣೆ.

ವಿಜಯಪುರದಿಂದ ಹೌನ್ಸ್ಲೋದಲ್ಲಿರುವ ಮಗ ಸುಶಾಂತನ ಮನೆಗೆ ಬಂದ ಶ್ರೀಮತಿ ಕಾಶವ್ವ (71) ಎಂಬ ಒಬ್ಬರೇ ಪ್ರಯಾಣಿಕರನ್ನು ಎದುರುಗೊಳ್ಳಲು ಹದಿನೇಳು ಮಂದಿ ಐದು ಕಾರುಗಳಲ್ಲಿ ಹೀಥ್ರೂ ವಿಮಾನ ನಿಲ್ದಾಣಕ್ಕೆ ಹೋಗಿದ್ದು ಬಂಧು ಪ್ರವಾಸ ಹೊಗೆ ಮಾಪನ ಇಲಾಖೆಯ ಗಮನಕ್ಕೆ ಬಂದಿದೆ. ಹೊರಬಿದ್ದ ಇಂಗಾಲದ ಡೈಆಕ್ಸೈಡ್ 10.20 ಕೆ.ಜಿ. ಸದರಿಯವರು ಇದೇ 28ರಂದು ಹಿಂತಿರುಗಲಿರುವುದರಿಂದ, ಬಂಧುಗಳೆಲ್ಲರೂ ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು.

1. ಬೀಳ್ಕೊಡುಗೆಯೊಂದಕ್ಕೆ 2.5 ಕೆ.ಜಿ. ಹೊಗೆಯನ್ನು ಮಂಜೂರು ಮಾಡಲಾಗಿದೆ. ಅಂದರೆ ಕಾರು ಒಂದು, ಬೀಳ್ಕೊಡುವವರು ಇಬ್ಬರು. ಮೂರನೆಯವರ ಜಾಗದಲ್ಲಿ ಸೂಟ್‌ಕೇಸ್ ಇರುತ್ತದೆ.

2. ಎಂಜಿನ್ ಚಾಲೂ ಇಟ್ಟು ಅಳುವುದನ್ನು ನಿಷೇಧಿಸಲಾಗಿದೆ. ಮೊದಲು ಎಂಜಿನ್ ಬಂದ್ ಮಾಡಿ, ನಂತರ ಅಳತಕ್ಕದ್ದು.

3. ಸೂಟ್‌ಕೇಸನ್ನು ಒಂದು ಕೈಯಲ್ಲಿ ಎತ್ತಿ, “ಇಪ್ಪತ್ಮೂರs ಕೆ.ಜಿ. ಅದ, ಏನೂ ಚಿಂತಿ ಬ್ಯಾಡ” ಎನ್ನುವ ಬೀಗರನ್ನು ತೂಕದ ಯಂತ್ರವೆಂದು ಪರಿಗಣಿಸಲಾಗುವುದಿಲ್ಲ. ಕಳೆದ ವರ್ಷ ಇಂಥ ಒಬ್ಬ ಬೀಗರಿಂದಾಗಿ ತೂಕದ ಮಿತಿ ಮೀರಿದ ನಾಲ್ಕು ಕೆ.ಜಿ. ಚಾಕೊಲೇಟ್ ವಾಪಸು ಮನೆಗೆ ಬಂದಿತು, ಒಂದು ಕಾರಿನಲ್ಲಿ ಒಂಟಿಯಾಗಿ.

4. ಬರಲಾಗದ ಹದಿನೈದು ಮಂದಿಯ ಆಳೆತ್ತರದ ರಟ್ಟಿನ ಚಿತ್ರಗಳನ್ನು ಫೋಟೊದಲ್ಲಿ ಹಿಂದೆ ನಿಲ್ಲಿಸಬಹುದು. ರಟ್ಟಿನವರು ಕೈ ಬೀಸಬೇಕೆಂಬ ಕಡ್ಡಾಯವಿಲ್ಲ.

5. ಪ್ರಯಾಣಿಕರು ಏರುವ ವಿಮಾನದ ಹೊಗೆ ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಅದರ ಬಗ್ಗೆ ವಿಚಾರಿಸುವವರ ಹೆಸರನ್ನು ಬರೆದಿಡಲಾಗುವುದು.

6. ಉಲ್ಲೇಖ (2)ರ ಆಕ್ಷೇಪಣೆಯನ್ನು ಮೊಮ್ಮಗಳು ಅಂಕಿತಾ ಬರೆದುಕೊಂಡಂತೆ ಯಥಾವತ್ತಾಗಿ ದಾಖಲಿಸಲಾಗಿದೆ: “ಬರೂಮುಂದ ಹದಿನೇಳು ಮಂದಿ ಬಂದಿದ್ರು. ಹೋಗೂಮುಂದ ಇಬ್ಬರs ಬಂದ್ರ, ‘ಮುದುಕಿ ಮಗನ ಮನ್ಯಾಗ ಜಗಳಾ ಮಾಡಿ ಬಂದಾಳ’ ಅಂತಾರ ಊರಾಗ. ಆ ರಟ್ಟಿನ ಮಂದೀನ ನೋಡಿದ್ರಂತೂ ಮುಗದs ಹೋತು! ನಿಮ್ಮ ಹೊಗಿ ನೀವು ಅಳಕೋರಿ, ನನ್ನ ಮಾನ ಅಳೀಬ್ಯಾಡ್ರಿ, ರುದ್ರೇಶಪ್ಪಾ.”

7. ಹೊಗೆಯನ್ನು ಅಳೆಯುವ ಉಪಕರಣ ಇಲಾಖೆಯಲ್ಲಿದೆ. ಮಾನವನ್ನು ಅಳೆಯುವ ಉಪಕರಣ ಇಲ್ಲ. ಆದ್ದರಿಂದ ಆಕ್ಷೇಪಣೆಯನ್ನು ಪರಿಶೀಲಿಸಿ, ನಿರ್ಣಯವನ್ನು ಪ್ರತಿ (4)ರಲ್ಲಿ ತಿಳಿಸಲಾಗಿದೆ.

(ಸಹಿ)
ರುದ್ರೇಶ
ಮಾಪನಾಧಿಕಾರಿ, ಬಂಧು ಪ್ರವಾಸ ಹೊಗೆ ಮಾಪನ ಇಲಾಖೆ

ಪ್ರತಿಗಳು:
(1) ಸುಶಾಂತ ಅವರಿಗೆ, ಪಾಲಿಸಲು.
(2) ತೂಕ ಹೇಳುವ ಬೀಗರಿಗೆ, ಸುಮ್ಮನಿರಲು.
(3) ರಟ್ಟಿನ ಅಂಗಡಿಗೆ, ಆರ್ಡರ್ ರದ್ದುಪಡಿಸಲು.
(4) ಶ್ರೀಮತಿ ಕಾಶವ್ವನವರಿಗೆ: ತಮ್ಮ ಪಾಲಿನ ಹೊಗೆಯನ್ನೂ ಅದಕ್ಕೂ ಮೀರಿದ್ದನ್ನೂ ಇಲಾಖೆಯೇ ಖರ್ಚು ಮಾಡಿರುವುದರಿಂದ, ತಮಗೆ ಒಂದು ಕಾರನ್ನೂ ಮಂಜೂರು ಮಾಡಲಾಗದು. ಹದಿನೇಳೂ ಮಂದಿ ತಮ್ಮೊಂದಿಗೆ ಟ್ಯೂಬ್ ರೈಲಿನಲ್ಲಿ ಬರತಕ್ಕದ್ದು. ಇಲಾಖೆಯ ಮೂವರು ಸೂಟ್‌ಕೇಸ್ ಹೊರತಕ್ಕದ್ದು. ಬೀಳ್ಕೊಡುವವರು ಒಟ್ಟು ಇಪ್ಪತ್ತು. ಅಳತೆ ನೋಡಲೆಂದು ಇಲಾಖೆಯು ಆರು ಬಾರಿ ಕಾರಿನಲ್ಲಿ ಹೀಥ್ರೂಗೆ ಹೋಗಿ ಬಂದ ಹೊಗೆ: 12.24 ಕೆ.ಜಿ.